ಒಪ್ಪಿದ ಬೆಲೆಯೇ ಬಾಗಿಲಿಗೆ ಬರಲಿ

ಆನ್‌ಲೈನ್‌ನಲ್ಲಿ ಮಾರುವವರ ನಡುವೆ ಈಗ ಒಂದು ಮಾತು ಪ್ರಶ್ನೆಯೇ ಇಲ್ಲದೆ ಚಲಾವಣೆಯಲ್ಲಿದೆ. ಸರಕು ಮನೆಗೆ ಬಂದ ಮೇಲೆ ದುಡ್ಡು ಕೊಡುತ್ತೇನೆ ಎನ್ನುವ ಗ್ರಾಹಕ ಆರ್ಡರ್ ಹಾಕಿದ ಗಳಿಗೆಯಲ್ಲೇ ಅವನಿಗೆ ಇನ್ನೊಂದು ಸರಕನ್ನೂ ಒಪ್ಪಿಸಿಬಿಡಬೇಕು ಎಂಬುದೇ ಆ ಮಾತು. ಕಾರಣವನ್ನು ಅವರೇ ಬಿಡಿಸಿ ಹೇಳುತ್ತಾರೆ. ಇಂಥ ಗ್ರಾಹಕ ಕಾರ್ಡಿನ ನಂಬರು ಹಾಕಬೇಕಿಲ್ಲ, ಪಿನ್ ಒತ್ತಬೇಕಿಲ್ಲ, ಆ ಕ್ಷಣಕ್ಕೆ ಅವನ ಜೇಬಿನಿಂದ ಏನೂ ಹೋಗುವುದಿಲ್ಲ. ಹಾಗಾಗಿ ‘ಇದನ್ನೂ ಸೇರಿಸಿ’ ಎಂಬ ಗುಂಡಿಯನ್ನು ಸಲೀಸಾಗಿ ಒತ್ತುತ್ತಾನೆ. ಒತ್ತದಿದ್ದರೆ, ಆರ್ಡರ್ ಖಚಿತಪಡಿಸುವ ನೆಪದಲ್ಲಿ ಫೋನ್ ಮಾಡಿ ಒಪ್ಪಿಸಬಹುದು. ವ್ಯಾಪಾರ ಕಲಿಸುವ ವಿಡಿಯೋಗಳಲ್ಲಿ ಇದು ಜಾಣತನದ ಪಾಠ. ಇದಕ್ಕೆಂದೇ ತಯಾರಾದ ಸಾಫ್ಟ್‌ವೇರ್‌ಗಳು ಬಾಡಿಗೆಗೆ ಸಿಗುತ್ತವೆ. ಇದರಲ್ಲಿ ತಪ್ಪೇನಿದೆ ಎಂದು ಕೇಳುವವರೇ ಹೆಚ್ಚು.

ತಪ್ಪಿದೆ ಎಂಬುದು ನನ್ನ ವಾದ. ಈ ಪದ್ಧತಿ ವ್ಯಾಪಾರದ ಜಾಣ್ಮೆಯಲ್ಲ. ಬಡ ಗ್ರಾಹಕನ ಕೈಯಲ್ಲಿರುವ ಒಂದೇ ಒಂದು ಹಿಡಿತವನ್ನು ಅವನಿಂದ ಕಿತ್ತುಕೊಳ್ಳುವ ಉಪಾಯ. ಇದರ ಪರವಾಗಿ ಹೇಳುವ ನಾಲ್ಕು ಸಮರ್ಥನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸಬೇಕು. ಅದಕ್ಕೂ ಮೊದಲು ಈ ಗ್ರಾಹಕ ಯಾರು ಎಂಬುದು ಸ್ಪಷ್ಟವಾಗಬೇಕು.

ಶ್ರವಣಬೆಳಗೊಳವನ್ನೇ ನೋಡಿ. ಬೆಟ್ಟದ ಕೆಳಗಿನ ಬೀದಿಯಲ್ಲಿ ಯಾತ್ರಿಕರಿಗೆ ಬೇಕಾದದ್ದೆಲ್ಲ ಸಿಗುತ್ತದೆ. ಊರಿನವರಿಗೆ ಬೇಕಾದ ಎಷ್ಟೋ ವಸ್ತುಗಳಿಗೆ ಸುಮಾರು 12 ಕಿ.ಮೀ. ದೂರದ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಬೇಕು, ಅಲ್ಲೂ ಸಿಗದಿದ್ದರೆ ಹಾಸನಕ್ಕೆ ಹೋಗಬೇಕು. ಅರಕಲಗೂಡು, ಹೊಳೆನರಸೀಪುರದ ಹಳ್ಳಿಗಳ ಪಾಡೂ ಇದೇ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕಾದು, ಪೇಟೆ ಸುತ್ತಿ ಬರುವುದಕ್ಕಿಂತ ಮೊಬೈಲಿನಲ್ಲಿ ನೋಡಿ ತರಿಸುವುದು ಮೇಲೆಂದು ಜನ ಕಂಡುಕೊಂಡಿದ್ದಾರೆ. ಮಗುವಿನ ಸ್ಕೂಲ್ ಬ್ಯಾಗು, ಕುಕ್ಕರಿನ ಗ್ಯಾಸ್ಕೆಟ್ಟು, ನೈಟಿ, ಹಬ್ಬಕ್ಕೊಂದು ಸೀರೆ, ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರು ಎಲ್ಲವೂ ಹೀಗೆ ಬರುತ್ತವೆ. ತರಿಸುವವರಲ್ಲಿ ಬಹಳ ಮಂದಿ ಹೆಂಗಸರು. ಅವರ ದುಡ್ಡು ಡೇರಿಯ ಹಾಲಿನ ಬಟವಾಡೆಯಿಂದ, ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯಿಂದ, ಸಂಘದ ಕಂತು ಕಟ್ಟಿ ಉಳಿದದ್ದರಿಂದ ಬರುತ್ತದೆ. ಅದಕ್ಕೆ ಮೊದಲೇ ಲೆಕ್ಕವಿದೆ: ಇಷ್ಟು ರೇಷನ್‌ಗೆ, ಇಷ್ಟು ಫೀಸಿಗೆ, ಇಷ್ಟು ಈ ಪಾರ್ಸಲ್ಲಿಗೆ.

ಇವರು ಮುಂಗಡ ಕೊಡುವುದಿಲ್ಲ ಎಂಬುದನ್ನು ಹಿಂದುಳಿದಿರುವಿಕೆಯ ಗುರುತೆಂದು ಪಟ್ಟಣದ ಪಂಡಿತರು ಬಗೆಯುತ್ತಾರೆ. ಅದು ಶುದ್ಧ ತಪ್ಪು. ಯುಪಿಐ 2016ರಲ್ಲಿ ಬಂತು. ಇವತ್ತು ನಮ್ಮೂರಿನ ಎಳನೀರಿನವನ ಗಾಡಿಯಲ್ಲೂ ಸ್ಕ್ಯಾನ್ ಮಾಡುವ ಚೀಟಿ ಅಂಟಿದೆ. ಅದೇ ಹೆಂಗಸು ತರಕಾರಿಗೆ ಫೋನ್‌ಪೇ ಮಾಡುತ್ತಾಳೆ, ಮಗನ ಹಾಸ್ಟೆಲ್ಲಿಗೆ ಗೂಗಲ್‌ಪೇ ಮಾಡುತ್ತಾಳೆ. ಪಾರ್ಸಲ್ ತರಿಸುವಾಗ ಮಾತ್ರ ‘ಕ್ಯಾಶ್ ಆನ್ ಡೆಲಿವರಿ’ ಒತ್ತುತ್ತಾಳೆ. ಎಷ್ಟೋ ಸಲ ಡೆಲಿವರಿ ಹುಡುಗ ಬಂದಾಗ ಅವನ ಕೋಡನ್ನೇ ಸ್ಕ್ಯಾನ್ ಮಾಡಿ ಕೊಡುತ್ತಾಳೆ. ಅಂದ ಮೇಲೆ ಅವಳ ಆಯ್ಕೆ ನೋಟಿನದ್ದಲ್ಲ, ಕ್ರಮದ್ದು. ಮೊದಲು ವಸ್ತು ಬರಲಿ, ಆಮೇಲೆ ದುಡ್ಡು ಹೋಗಲಿ ಎಂಬುದು ಅವಳ ಷರತ್ತು. ಕಾಣದ ಊರಿನ ಕಾಣದ ವ್ಯಾಪಾರಿಯ ಎದುರು ಅವಳಿಗಿರುವ ರಕ್ಷಣೆ ಇದೊಂದೇ. ಬ್ಯಾಂಕಿನ ಮುಂದೆ ವಾದಿಸಲು ಅವಳಿಗೆ ಪುರಸೊತ್ತಿಲ್ಲ, ವಕೀಲರಿಗೆ ಕೊಡಲು ಕಾಸಿಲ್ಲ. ದುಡ್ಡು ತನ್ನ ಕೈಯಲ್ಲಿರುವವರೆಗೆ ಮಾತ್ರ ತನ್ನ ಮಾತಿಗೆ ಬೆಲೆ ಎಂದು ಅನುಭವ ಅವಳಿಗೆ ಕಲಿಸಿದೆ.

ಈ ಕ್ರಮ ಹೊಸದೂ ಅಲ್ಲ. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ಶುರುಮಾಡಿದಾಗ ದೇಶವೆಲ್ಲ ಅದನ್ನು ಹೊಸ ಕಲ್ಪನೆ ಎಂದು ಹೊಗಳಿತು. ಆದರೆ ಅಂಚೆ ಇಲಾಖೆಯ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) 1877ರಿಂದಲೇ ಇತ್ತು. ಪುಸ್ತಕ, ಪಂಚಾಂಗ, ಔಷಧಿ, ಗಡಿಯಾರಗಳನ್ನು ನಮ್ಮ ಹಿರಿಯರು ಒಂದು ಕಾರ್ಡು ಬರೆದು ವಿ.ಪಿ. ಮೂಲಕ ತರಿಸುತ್ತಿದ್ದರು. ಪೋಸ್ಟ್‌ಮ್ಯಾನ್ ಮನೆಗೆ ತಂದಾಗ ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಇದರಲ್ಲಿ ಮೋಸಕ್ಕೆ ದಾರಿಯಿದೆ ಎಂಬುದು ಆಗಿನ ಸರ್ಕಾರಕ್ಕೂ ಗೊತ್ತಿತ್ತು. ಅದಕ್ಕೇ 1898ರ ಭಾರತೀಯ ಅಂಚೆ ಕಾಯ್ದೆಯಲ್ಲಿ ಒಂದು ಮುನ್ನೆಚ್ಚರಿಕೆ ಇಟ್ಟರು. ನಿಜವಾಗಿ ಬಂದ ಬೇಡಿಕೆಯ ಮೇರೆಗೇ ಕಳಿಸುತ್ತಿದ್ದೇನೆ ಎಂದು ಕಳಿಸುವವನು ಘೋಷಿಸದೆ ವಿ.ಪಿ. ಕಳಿಸುವಂತಿಲ್ಲ ಎಂದು ವಿಧಿಸಲು ಅದರಲ್ಲಿ ಅವಕಾಶವಿತ್ತು. ಕೇಳಿದ್ದನ್ನೇ ಕಳಿಸಬೇಕು, ಕೇಳದ್ದಕ್ಕೆ ಬಾಗಿಲಲ್ಲಿ ದುಡ್ಡು ಕೇಳಬಾರದು ಎಂಬ ನೀತಿ ಒಂದೂಕಾಲು ಶತಮಾನದ ಹಿಂದೆಯೇ ಕಾನೂನಿನ ಕಣ್ಣಿಗೆ ಬಿದ್ದಿತ್ತು.

ಈಗ ಮೊದಲನೆಯ ಸಮರ್ಥನೆಗೆ ಬರುತ್ತೇನೆ. ‘ಊರಿನ ಅಂಗಡಿಯವನೂ ಇನ್ನೇನು ಕೊಡಲಿ ಅಂತ ಕೇಳುವುದಿಲ್ಲವೇ? ಇದೂ ಅಷ್ಟೇ’ ಎನ್ನುತ್ತಾರೆ. ಅಂಗಡಿಯವನು ಕೇಳುತ್ತಾನೆ, ನಿಜ. ಸಕ್ಕರೆ ಕಟ್ಟುತ್ತಾ ‘ಟೀ ಪುಡಿ ಬೇಡ್ವಾ ಅಕ್ಕ?’ ಎನ್ನುತ್ತಾನೆ. ಆಗ ಅಕ್ಕನ ಎದುರಿಗೆ ಟೀ ಪುಡಿ ಇರುತ್ತದೆ, ಬೆಲೆ ಪೊಟ್ಟಣದ ಮೇಲಿರುತ್ತದೆ, ದುಡ್ಡು ಅವಳ ಕೈಯಲ್ಲಿರುತ್ತದೆ. ಬೇಡ ಎಂದರೆ ಮಾತು ಅಲ್ಲಿಗೆ ಮುಗಿಯಿತು. ತೆಗೆದುಕೊಂಡದ್ದು ಹಾಳಾಗಿದ್ದರೆ ನಾಳೆ ಅದೇ ಮೆಟ್ಟಿಲು ಹತ್ತಿ ಜಗಳ ಆಡುವ ಹಕ್ಕು ಅವಳಿಗಿದೆ, ಅವನು ತಪ್ಪಿಸಿಕೊಂಡು ಎಲ್ಲಿಗೂ ಹೋಗುವಂತಿಲ್ಲ. ಫೋನಿನ ಆಚೆಯವನಿಗೆ ಇದಾವ ಕಟ್ಟೂ ಇಲ್ಲ. ಆರ್ಡರ್ ಮುಗಿಯಿತು ಎಂದು ಅವಳು ಅಂದುಕೊಂಡ ಮೇಲೆ ಹೊಸ ಪರದೆ ತೆರೆಯುತ್ತದೆ. ‘ಐದು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಎಂದು ಗಡಿಯಾರ ಓಡುತ್ತದೆ. ಒಪ್ಪುವ ಗುಂಡಿ ದೊಡ್ಡದಾಗಿ ಹಸಿರಾಗಿರುತ್ತದೆ. ಬೇಡ ಎನ್ನುವ ಸಾಲು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಅವಳು ಸರಿಯಾಗಿ ಓದಲಾರದ ಇಂಗ್ಲಿಷಿನಲ್ಲಿರುತ್ತದೆ. ಕೆಲವು ಕಡೆ ಪಾರ್ಸಲ್ ರಕ್ಷಣೆಯ ಶುಲ್ಕ, ಬೇಗ ತಲುಪಿಸುವ ಶುಲ್ಕಗಳಿಗೆ ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ಅಂಗಡಿಯವನು ಕೇಳುತ್ತಾನೆ, ಇವರು ಸೇರಿಸುತ್ತಾರೆ. ಕೇಳುವುದಕ್ಕೂ ಸೇರಿಸುವುದಕ್ಕೂ ಇರುವ ಅಂತರವೇ ವ್ಯಾಪಾರಕ್ಕೂ ವಂಚನೆಗೂ ಇರುವ ಅಂತರ.

ಫೋನ್ ಕರೆಗಳ ಕಥೆ ಇನ್ನೂ ಕೆಟ್ಟದ್ದು. ಮಂಡಿನೋವಿನ ಎಣ್ಣೆ, ಕೂದಲಿನ ಎಣ್ಣೆ, ತೂಕ ಇಳಿಸುವ ಪುಡಿಗಳ ವ್ಯಾಪಾರ ನಡೆಯುವುದೇ ಇದರ ಮೇಲೆ. ಒಂದು ಬಾಟಲಿಗೆ ಆರ್ಡರ್ ಹಾಕಿದ ಮರುದಿನ ಫೋನ್ ಬರುತ್ತದೆ. ವಿಳಾಸ ಕೇಳಿದಂತೆ ಮಾಡಿ, ‘ಒಂದು ಬಾಟಲಿಯಲ್ಲಿ ಗುಣ ಕಾಣೋಲ್ಲ ಅಮ್ಮ, ಮೂರು ತಿಂಗಳ ಕೋರ್ಸ್ ತಗೊಳ್ಳಿ, ದುಡ್ಡು ಈಗ ಬೇಡ, ಬಂದ ಮೇಲೆ ಕೊಡಿ’ ಎನ್ನುತ್ತಾರೆ. ನೋವು ತಿನ್ನುತ್ತಿರುವ ಅರವತ್ತರ ಹೆಂಗಸಿಗೆ ಇದನ್ನು ಹೇಳುತ್ತಿರುವವನು ವೈದ್ಯನಲ್ಲ, ಮಾರಿದ್ದಕ್ಕಿಷ್ಟು ಎಂದು ಕಮಿಷನ್ ಎಣಿಸುವವನು. ಮಧುಮೇಹವೂ ಸೇರಿದಂತೆ ಪಟ್ಟಿಮಾಡಿದ ಹಲವು ರೋಗಗಳನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಪತ್ರಿಕೆಯಲ್ಲಿ ಅಚ್ಚು ಹಾಕಲು ಅಂಜುವ ಮಾತನ್ನು ಕಿವಿಯಲ್ಲಿ ಧಾರಾಳವಾಗಿ ಹೇಳುತ್ತಾರೆ. ದಾಖಲೆ ಉಳಿಯುವುದಿಲ್ಲ, ಒಪ್ಪಿದ್ದೀರಿ ಎಂಬ ಲೆಕ್ಕ ಮಾತ್ರ ಉಳಿಯುತ್ತದೆ.

ಎರಡನೆಯ ಸಮರ್ಥನೆಯೇ ಎಲ್ಲಕ್ಕಿಂತ ಬಲವಾದದ್ದು ಎಂದು ಅವರು ನಂಬಿದ್ದಾರೆ. ‘ಗ್ರಾಹಕನಿಗೆ ನಷ್ಟವೇನು? ದುಡ್ಡು ಇನ್ನೂ ಕೊಟ್ಟಿಲ್ಲವಲ್ಲ. ಬೇಡವಾದರೆ ಬಾಗಿಲಲ್ಲೇ ಬೇಡ ಎನ್ನಲಿ’ ಎನ್ನುತ್ತಾರೆ. ಬಾಗಿಲಲ್ಲಿ ಏನು ನಡೆಯುತ್ತದೆ ಎಂದು ನೋಡಿದವರು ಈ ಮಾತು ಆಡಲಾರರು.

ಸೊಸೆ 449 ರೂಪಾಯಿಯ ಬ್ಯಾಗು ತರಿಸಿದ್ದಾಳೆ ಎಂದಿಟ್ಟುಕೊಳ್ಳಿ. ಅವಳು ಬೆಳಿಗ್ಗೆಯೇ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು. ಸರಿಯಾಗಿ ಎಣಿಸಿದ ದುಡ್ಡನ್ನು ಅತ್ತೆಯ ಕೈಗೆ ಕೊಟ್ಟು, ಪಾರ್ಸಲ್ ಬಂದರೆ ಬಿಡಿಸಿಕೊಳ್ಳಿ ಎಂದು ಹೋಗಿರುತ್ತಾಳೆ. ಮಧ್ಯಾಹ್ನ ಹುಡುಗ ಬಂದು 648 ಕೊಡಿ ಎನ್ನುತ್ತಾನೆ. ಸೊಸೆ ಎಲ್ಲೋ ಒತ್ತಿದ, ಅಥವಾ ಒತ್ತಿದಳೆಂದು ಲೆಕ್ಕ ಹಿಡಿದ, ಇನ್ನೊಂದು ಸರಕು ಅದೇ ಪೊಟ್ಟಣದಲ್ಲಿದೆ. ಅತ್ತೆ ಬಿಚ್ಚಿ ನೋಡುತ್ತೇನೆ ಎಂದರೆ ದುಡ್ಡು ಕೊಡದೆ ಬಿಚ್ಚುವಂತಿಲ್ಲ ಎನ್ನುತ್ತಾನೆ ಹುಡುಗ. ಬ್ಯಾಗು ಮಾತ್ರ ಕೊಡಪ್ಪ ಎಂದರೆ ಅವನ ಯಂತ್ರದಲ್ಲಿ ಒಂದೇ ಮೊತ್ತವಿದೆ, ಒಡೆದು ಕೊಡುವ ಅಧಿಕಾರ ಅವನಿಗಿಲ್ಲ. ಸೊಸೆಯ ಫೋನು ಕಾರ್ಖಾನೆಯ ಲಾಕರಿನಲ್ಲಿದೆ. ಪಾರ್ಸಲ್ ವಾಪಸು ಹೋದರೆ ಮಗುವಿಗೆ ಸೋಮವಾರಕ್ಕೆ ಬ್ಯಾಗಿಲ್ಲ. ಅತ್ತೆ ಪಕ್ಕದ ಮನೆಯಲ್ಲಿ 200 ಕೈಸಾಲ ತಂದು ಬಿಡಿಸಿಕೊಳ್ಳುತ್ತಾಳೆ. ಸಂಜೆ ಮನೆಯಲ್ಲಿ, ಕೇಳದೆ ಯಾಕೆ ಬಿಡಿಸಿಕೊಂಡಿರಿ, ಹೇಳದೆ ಯಾಕೆ ತರಿಸಿದೆ ಎಂಬ ಜಗಳ.

ಬಾಗಿಲಲ್ಲಿ ಬೇಡ ಎನ್ನುವ ಸ್ವಾತಂತ್ರ್ಯ ಎಂದು ಅವರು ಹೊಗಳುವುದು ಇದನ್ನೇ. ಬೇಕಾದದ್ದನ್ನೂ ಬೇಡವಾದದ್ದನ್ನೂ ಒಂದೇ ಪೊಟ್ಟಣಕ್ಕೆ ಹಾಕಿ, ಒಂದೇ ಮೊತ್ತ ಬರೆದು, ಎರಡನ್ನೂ ತಗೋ ಇಲ್ಲವೇ ಎರಡನ್ನೂ ಬಿಡು ಎಂದ ಮೇಲೆ ಸ್ವಾತಂತ್ರ್ಯ ಎಲ್ಲಿ ಉಳಿಯಿತು? ಪಾರ್ಸಲ್ ತಿರಸ್ಕರಿಸಿದರೆ ಆ ತಿರಸ್ಕಾರವೂ ಗ್ರಾಹಕನ ಲೆಕ್ಕಕ್ಕೇ ಸೇರುತ್ತದೆ. ಇಂಥವರ ಆರ್ಡರುಗಳು ವಾಪಸು ಬರುತ್ತವೆ ಎಂದು ಅವರಿಗೆ ಕ್ಯಾಶ್ ಆನ್ ಡೆಲಿವರಿಯನ್ನೇ ನಿಲ್ಲಿಸುವ ವ್ಯವಸ್ಥೆಗಳಿವೆ. ಬಿಡಿಸಿಕೊಂಡ ಮೇಲೆ ಹಿಂತಿರುಗಿಸಲು ಹೊರಟರೆ ಇನ್ನೊಂದು ಅಪಾಯ ಕಾದಿದೆ. ನಗದು ಕೊಟ್ಟವರಿಗೆ ದುಡ್ಡು ಮರಳಿಸಲು ಬ್ಯಾಂಕಿನ ವಿವರ ಬೇಕೆನ್ನುತ್ತಾರೆ. ಸಹಾಯವಾಣಿಯ ಸೋಗಿನಲ್ಲಿ ಅದೇ ವಿವರ ಕೇಳಿ ಖಾತೆ ಬರಿದು ಮಾಡುವ ಕಳ್ಳರೂ ಇದ್ದಾರೆ. 200 ರೂಪಾಯಿ ಹೋದರೆ ಹೋಗಲಿ, ಈ ರಗಳೆ ಬೇಡ ಎಂದು ಜನ ಸುಮ್ಮನಾಗುತ್ತಾರೆ. ಅವರ ಆ ಸುಮ್ಮನಿರುವಿಕೆಯೇ ಈ ವ್ಯಾಪಾರದ ಬಂಡವಾಳ.

ಬಾಗಿಲಲ್ಲಿ ನಿಂತ ಹುಡುಗನನ್ನೂ ಮರೆಯಬಾರದು. ಅವನೂ ಇಲ್ಲೇ ಅಕ್ಕಪಕ್ಕದ ಹಳ್ಳಿಯವನು, ಪಾರ್ಸಲ್ಲಿಗೆ ಇಷ್ಟು ಎಂದು ದುಡಿಯುವವನು, ಪೆಟ್ರೋಲು ಅವನದೇ. ಬೆಲೆ ಏರಿಸಿದವನು ಯಾವುದೋ ಊರಿನಲ್ಲಿ ಕೂತಿದ್ದಾನೆ. ಬೈಗುಳ ಕೇಳುವವನು ಇವನು.

ಮೂರನೆಯ ಸಮರ್ಥನೆ ನಷ್ಟದ್ದು. ಕ್ಯಾಶ್ ಆನ್ ಡೆಲಿವರಿಯಲ್ಲಿ ಪಾರ್ಸಲ್ ಹಿಂದಿರುಗುವುದು ಹೆಚ್ಚು, ಹೋಗಿ ಬರುವ ಎರಡೂ ಖರ್ಚು ವ್ಯಾಪಾರಿಯದ್ದು, ಅದನ್ನು ತುಂಬಿಕೊಳ್ಳಲು ಹೆಚ್ಚಿಗೆ ಮಾರಲೇಬೇಕು ಎನ್ನುತ್ತಾರೆ. ಈ ನಷ್ಟ ಸುಳ್ಳಲ್ಲ. ತಮಾಷೆಗೆ ಆರ್ಡರ್ ಹಾಕುವವರಿದ್ದಾರೆ, ಬಾಗಿಲಿಗೆ ಬಂದಾಗ ಮನಸ್ಸು ಬದಲಿಸುವವರಿದ್ದಾರೆ. ನಮ್ಮ ಹಾಸನ ಜಿಲ್ಲೆಯಲ್ಲೇ ಮನೆಯಲ್ಲಿ ಚಟ್ನಿಪುಡಿ ಮಾಡಿ, ಸೀರೆಗೆ ಕುಚ್ಚು ಕಟ್ಟಿ ಆನ್‌ಲೈನ್‌ನಲ್ಲಿ ಮಾರುವ ಹೆಂಗಸರಿದ್ದಾರೆ; ಒಂದು ಪಾರ್ಸಲ್ ವಾಪಸು ಬಂದರೆ ಅವರ ಆ ವಾರದ ಲಾಭವೇ ಹೋಗುತ್ತದೆ. ಅವರ ಕಷ್ಟವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಸುಳ್ಳು ಆರ್ಡರ್ ಹಾಕಿದವನ ದಂಡವನ್ನು ಪ್ರಾಮಾಣಿಕವಾಗಿ ಬಿಡಿಸಿಕೊಳ್ಳುವವಳಿಂದ ಯಾಕೆ ವಸೂಲು ಮಾಡಬೇಕು? ಈ ಔಷಧಿ ರೋಗವನ್ನು ಇಳಿಸುವುದೂ ಇಲ್ಲ, ಏರಿಸುತ್ತದೆ. 449ಕ್ಕೆ ದುಡ್ಡು ಎತ್ತಿಟ್ಟ ಮನೆಗೆ 648ರ ಪಾರ್ಸಲ್ ಬಂದರೆ ಅದು ಹಿಂದಿರುಗುವ ಸಾಧ್ಯತೆ ಹೆಚ್ಚುತ್ತದೆ ಎಂದು ತಿಳಿಯಲು ದೊಡ್ಡ ಲೆಕ್ಕ ಬೇಕಿಲ್ಲ. ಹಾಗಾದರೆ ಹೆಚ್ಚುವರಿ ಸರಕಿನ ಜೊತೆ ಮೂಲ ಮಾರಾಟವೂ ಹೋಯಿತು. ಪಾರ್ಸಲ್ ಹಿಂದಿರುಗುವುದನ್ನು ತಪ್ಪಿಸಲು ಬೇರೆ ದಾರಿಗಳಿವೆ. ಫೋನಿಗೆ ಬರುವ ಒಟಿಪಿಯಿಂದ ಆರ್ಡರ್ ಖಚಿತಪಡಿಸಿಕೊಳ್ಳಬಹುದು. ಬರುವ ದಿನವನ್ನೂ ಕೊಡಬೇಕಾದ ಮೊತ್ತವನ್ನೂ ಕನ್ನಡದಲ್ಲಿ ಮೊದಲೇ ತಿಳಿಸಬಹುದು. ಚಿತ್ರದಲ್ಲಿ ತೋರಿಸಿದ್ದನ್ನೇ ಕಳಿಸಬಹುದು. ಇವುಗಳಲ್ಲಿ ಯಾವುದಕ್ಕೂ ಗ್ರಾಹಕನ ಪೊಟ್ಟಣಕ್ಕೆ ಇನ್ನೊಂದು ಸರಕು ತುರುಕಬೇಕಾಗಿಲ್ಲ.

ನಾಲ್ಕನೆಯದು ಸಮರ್ಥನೆಗಿಂತ ಹೆಚ್ಚಾಗಿ ತಾತ್ಸಾರ. ‘ಇಷ್ಟವಿಲ್ಲದವರು ಮುಂಗಡ ಕೊಡಲಿ, ಕ್ಯಾಶ್ ಆನ್ ಡೆಲಿವರಿ ಸೌಲಭ್ಯ, ಸೌಲಭ್ಯಕ್ಕೆ ಶುಲ್ಕ ಸಹಜ’ ಎನ್ನುತ್ತಾರೆ. ಶುಲ್ಕ ಇರಲಿ. ಆದರೆ ಅದನ್ನು ಬೆಲೆಯ ಜೊತೆಗೇ, ಮೊದಲ ಪುಟದಲ್ಲೇ ಬರೆಯಿರಿ. 299 ಎಂದು ತೋರಿಸಿ, ವಿಳಾಸ ತುಂಬಿಸಿ, ಕೊನೆಯ ಪರದೆಯಲ್ಲಿ ನಿರ್ವಹಣಾ ಶುಲ್ಕ, ಆಫರ್ ಶುಲ್ಕ ಎಂದು ಏರಿಸುತ್ತಾ ಹೋಗುವುದು ಸೌಲಭ್ಯವಲ್ಲ. ವಸೂಲಿಯನ್ನು ಮುಚ್ಚಿಡದೆ ಬರೆಯುವುದು ಹೇಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರ ಮತ್ತು ವೈಷ್ಣವರ ವ್ಯಾಜ್ಯವನ್ನು ತೀರ್ಮಾನಿಸಿದ ಶಾಸನವೆಂದು ಅದನ್ನು ನಾಡೆಲ್ಲ ಬಲ್ಲದು. ಅದರಲ್ಲಿ ಒಂದು ವಸೂಲಿಯ ಮಾತೂ ಇದೆ. ರಾಜ್ಯದ ಜೈನರ ಒಪ್ಪಿಗೆಯಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಎತ್ತಬೇಕು; ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು; ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಯಾರಿಂದ, ಎಷ್ಟು, ಯಾತಕ್ಕೆ, ಯಾರ ಒಪ್ಪಿಗೆಯಿಂದ ಎಂಬ ನಾಲ್ಕೂ ಕಲ್ಲಿನ ಮೇಲಿವೆ. ಆರೂವರೆ ಶತಮಾನದ ಹಿಂದಿನ ಅರಸೊತ್ತಿಗೆ ಪ್ರಜೆಗೆ ತೋರಿದ ಈ ಮರ್ಯಾದೆಯನ್ನು ಇಂದಿನ ವ್ಯಾಪಾರಿ ಗ್ರಾಹಕನಿಗೆ ತೋರಲಾರನೆಂದರೆ ಅದಕ್ಕೆ ತಂತ್ರಜ್ಞಾನ ಅಡ್ಡಿಯಲ್ಲ, ಮನಸ್ಸಿಲ್ಲ ಅಷ್ಟೇ.

ಕಾನೂನು ಕಣ್ಣು ಮುಚ್ಚಿಕೊಂಡಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳು ಗ್ರಾಹಕನ ಒಪ್ಪಿಗೆ ಅವನ ಸ್ಪಷ್ಟ ಕ್ರಿಯೆಯಿಂದಲೇ ಬರಬೇಕು, ಮೊದಲೇ ಗುರುತು ಹಾಕಿಟ್ಟ ಚೌಕಗಳಿಂದ ಒಪ್ಪಿಗೆ ದಾಖಲಿಸಕೂಡದು ಎನ್ನುತ್ತವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಯ ಕುತಂತ್ರಗಳನ್ನು ಪಟ್ಟಿಮಾಡಿತು. ಗ್ರಾಹಕನ ಬುಟ್ಟಿಗೆ ಗೊತ್ತಾಗದಂತೆ ಸರಕು ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವುದು, ಸುಳ್ಳು ಅವಸರ ಹುಟ್ಟಿಸುವುದು, ಪದೇಪದೇ ಪೀಡಿಸುವುದು ಎಲ್ಲವೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಪ್ರಾಧಿಕಾರ ಎಲ್ಲ ಇ-ಕಾಮರ್ಸ್ ಕಂಪನಿಗಳಿಗೆ, ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಿ ಎಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಪ್ರಹ್ಲಾದ ಜೋಶಿ, ಕ್ಯಾಶ್ ಆನ್ ಡೆಲಿವರಿಗೆ ಹೆಚ್ಚುವರಿ ಶುಲ್ಕ ಹಾಕುವ ಬಗ್ಗೆ ದೂರುಗಳು ಬಂದಿವೆ, ಇಲಾಖೆ ತನಿಖೆ ಕೈಗೊಂಡಿದೆ ಎಂದು ಪ್ರಕಟಿಸಿದರು. ಇವೆಲ್ಲ ಸ್ವಾಗತಾರ್ಹ. ಆದರೆ ಕಳ್ಳನಿಗೇ ಕಾವಲು ಕಾಯಲು ಹೇಳುವ ಸ್ವಯಂ ತಪಾಸಣೆಯಿಂದ ಹಳ್ಳಿಯ ಬಾಗಿಲಲ್ಲಿ ಏನೂ ಬದಲಾಗದು. ಪರದೆಯ ಮೇಲಿನ ತಂತ್ರಗಳನ್ನು ಹೆಸರಿಸಿದ ಮಾರ್ಗಸೂಚಿ ಫೋನ್ ಕರೆಯಲ್ಲಿ ನಡೆಯುವ ಒತ್ತಾಯಕ್ಕೂ ಬಾಗಿಲಲ್ಲಿ ಹುಟ್ಟುವ ಇಕ್ಕಟ್ಟಿಗೂ ನೇರ ಉತ್ತರ ಕೊಡಬೇಕು.

ಬೇಕಾಗಿರುವುದು ಸರಳ ನಿಯಮ. ಕ್ಯಾಶ್ ಆನ್ ಡೆಲಿವರಿಯಲ್ಲಿ ಗ್ರಾಹಕ ಮೊದಲು ಒಪ್ಪಿದ ಮೊತ್ತವೇ ಕೊನೆಯ ಮೊತ್ತವಾಗಬೇಕು. ಆಮೇಲೆ ಮಾರಿದ ಪ್ರತಿಯೊಂದು ಸರಕೂ ಬೇರೆ ಆರ್ಡರ್ ಆಗಬೇಕು, ಬೇರೆ ಪಾರ್ಸಲ್ಲಿನಲ್ಲಿ ಬರಬೇಕು. ಅದನ್ನು ತಿರಸ್ಕರಿಸಿದರೆ ಮೊದಲನೆಯದಕ್ಕೆ ಧಕ್ಕೆಯಾಗಬಾರದು. ಖಚಿತಪಡಿಸುವ ಕರೆ ಖಚಿತಪಡಿಸಲಷ್ಟೇ ಇರಬೇಕು. ಹೆಚ್ಚುವರಿ ಸರಕು ನಿಜಕ್ಕೂ ಜನರಿಗೆ ಬೇಕಾದದ್ದೇ ಆಗಿದ್ದರೆ ಬೇರೆ ಪಾರ್ಸಲ್ಲಿನಲ್ಲಿ ಬಂದರೂ ಕೊಳ್ಳುತ್ತಾರೆ. ಹಾಗೆ ಮಾಡಿದರೆ ಯಾರೂ ಕೊಳ್ಳುವುದಿಲ್ಲ ಎಂದು ವ್ಯಾಪಾರಿ ಹೆದರುವುದಾದರೆ, ಇಲ್ಲಿಯವರೆಗೆ ಆಗಿದ್ದದ್ದು ಮಾರಾಟವಲ್ಲ ಎಂದು ಅವನೇ ಒಪ್ಪಿದಂತಾಯಿತು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಆರ್ಡರ್ ಹಾಕಿದ ಕೂಡಲೇ ಮೊತ್ತ ಕಾಣುವ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನಲ್ಲಿ ‘ಇನ್ನೊಂದು ಸೇರಿಸಲಾ’ ಎಂದವರಿಗೆ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ. ಮನೆಯಲ್ಲಿ ಪಾರ್ಸಲ್ ಬಿಡಿಸಿಕೊಳ್ಳುವ ಹಿರಿಯರಿಗೆ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಡಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ವಾಪಸು ಕಳಿಸಲು ಹೇಳಿ. ಹುಡುಗನ ಮೇಲೆ ರೇಗಬೇಡಿ. ಬೇಡದ್ದಕ್ಕೆ ದುಡ್ಡು ಹೋಗಿದ್ದರೆ 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ದೂರು ಹೇಳಬಹುದು. ಅಲ್ಲಿ ತೀರದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಂಪನಿ ಯಾವ ರಾಜ್ಯದಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕನ್ನು 2019ರ ಕಾಯ್ದೆ ಕೊಟ್ಟಿದೆ; 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 200 ರೂಪಾಯಿಗೆ ಯಾಕೆ ತಲೆಕೆಡಿಸಿಕೊಳ್ಳಬೇಕು ಎಂದು ನೀವು ಬಿಟ್ಟ ಪ್ರತಿ ಸಲವೂ ಆ 200 ಇನ್ನೊಂದು ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಬಿಡಬೇಡಿ, ದೂರು ಕೊಡಿ.